ಪಾಚಿ ಪೆಟ್ಟಿಗೆ: ಬಣ್ಣ ಬಿಟ್ಟು ಅಯೋಡಿನ್ ಹಿಡಿದ ಮೇಲೆ

ಬೆಂಗಳೂರಿನಲ್ಲಿ ಕೈಗೆ ಸಿಗುವ ಪಾಚಿಗಳ ಮಾದರಿ ಪೆಟ್ಟಿಗೆ ಅರ್ಧ ತುಂಬಿದೆ. ಹಸಿರು, ಕಂದು, ಕೆಂಪು, ನೀಲಿ-ಹಸಿರು ಎಂಬ ಖಾನೆಗಳನ್ನು ಈಗ ತೆಗೆದು ಹಾಕಿದ್ದೇವೆ. ಜೀವಕೋಶ ಆಹಾರವನ್ನು ಯಾವ ರೂಪದಲ್ಲಿ ಕೂಡಿಡುತ್ತದೆ, ಅದರ ಗೋಡೆ ಯಾವುದರದ್ದು ಎಂಬುದರ ಮೇಲೆ ಹೊಸ ವಿಂಗಡಣೆ. ಏಕೆಂದರೆ ಬಣ್ಣ ಮೋಸ ಮಾಡುತ್ತದೆ.

ತಾರಸಿಯಲ್ಲಿ ಹಕ್ಕಿಗಳಿಗೆ ನೀರಿಡುವ ಬಟ್ಟಲು ಬತ್ತುವಾಗ ತಳದಲ್ಲಿ ಇಟ್ಟಿಗೆ ಬಣ್ಣದ ಪದರ ಕೂರುತ್ತದಲ್ಲ, ಅದು ಹಿಮಾಟೊಕಾಕಸ್. ಅಪ್ಪಟ ಹಸಿರು ಪಾಚಿ. ಬಿಸಿಲು ಹೆಚ್ಚಾಗಿ ಪೋಷಕಾಂಶ ಕಡಿಮೆಯಾದರೆ ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣಕ ತುಂಬಿಕೊಂಡು ಕೆಂಪಾಗುತ್ತದೆ. ಈ ಬಣ್ಣಕ್ಕಾಗಿಯೇ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುತ್ತಾರೆ. ಒದ್ದೆ ಗೋಡೆಯ ಕಿತ್ತಳೆ ಬಣ್ಣದ ಟ್ರೆಂಟೆಪೋಲಿಯಾವೂ ಹಸಿರು ಗುಂಪಿನದೇ. ತೊರೆಗಳಲ್ಲಿ ಬೆಳೆಯುವ ಬ್ಯಾಟ್ರಕೊಸ್ಪರ್ಮಮ್ ಕೆಂಪು ಪಾಚಿ, ಆದರೆ ನೋಡಲು ಹಸಿರು ಲೋಳೆ.

ಅಯೋಡಿನ್ ಪರೀಕ್ಷೆ

ಪಿಷ್ಟ ಪತ್ತೆ ಹಚ್ಚುವ ದ್ರಾವಣಕ್ಕೆ 20 ಮಿ.ಲೀ. ನೀರಿನಲ್ಲಿ 10 ಗ್ರಾಂ ಪೊಟ್ಯಾಶಿಯಂ ಅಯೋಡೈಡ್ ಪೂರ್ತಿ ಕರಗಿಸಿ, ಆಮೇಲೆ 5 ಗ್ರಾಂ ಅಯೋಡಿನ್ ಹಾಕಿ, 100 ಮಿ.ಲೀ. ಆಗುವಷ್ಟು ನೀರು ಸೇರಿಸಬೇಕು. ಬರೀ ನೀರಿಗೆ ಅಯೋಡಿನ್ ಹಾಕಿದರೆ ಹರಳು ತಳದಲ್ಲೇ ಉಳಿಯುತ್ತದೆ. ಕಂದು ಗಾಜಿನ ಬಾಟಲಿಯೇ ಬೇಕು. ಪ್ಲಾಸ್ಟಿಕ್ ಅಯೋಡಿನ್ನನ್ನು ಹೀರಿಕೊಂಡು ದ್ರಾವಣ ಸಪ್ಪೆಯಾಗುತ್ತದೆ. ಸ್ಲೈಡಿಗೆ ಹತ್ತು ಪಾಲು ತೆಳು ಮಾಡಿ, ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಹನಿ ಬಿಟ್ಟು ಎದುರಂಚಿನಿಂದ ಒತ್ತುಕಾಗದದಲ್ಲಿ ಎಳೆಯುತ್ತೇವೆ. ಗಾಢವಾದರೆ ಎಲ್ಲವೂ ಕಪ್ಪಾಗಿ ಪರೀಕ್ಷೆಯೇ ಕೆಡುತ್ತದೆ.

ಸ್ಪೈರೊಗೈರಾದ ಸುರುಳಿ ಪಟ್ಟಿಯ ಮೇಲಿನ ಗುಂಡು ಚುಕ್ಕೆಗಳು ನೀಲಿಗಪ್ಪಾದವು: ಅದು ಪಿಷ್ಟ. ಸಂಪ್ ಸೋರುವ ಜಾಗದ ಆಸಿಲೇಟೋರಿಯಾ ಎಂಬ ನೀಲಿ-ಹಸಿರು ಪಾಚಿ ಕಂದಾಯಿತಷ್ಟೆ. ಇದಕ್ಕೆ ಹರಿತ್ತಿನ ಚೀಲವಿಲ್ಲ, ಕೂಡಿಡುವುದು ಗ್ಲೈಕೊಜನ್. ಇದು ಬ್ಯಾಕ್ಟೀರಿಯಾಗಳ ಬಳಗ. ಮೋಸ ಮಾಡುವುದು ಯೂಗ್ಲೀನಾ. ಹರಿತ್ತು ಸಸ್ಯಗಳದ್ದೇ ಬಗೆ, ಆದರೆ ಕೂಡಿಡುವ ಪ್ಯಾರಮೈಲಾನ್ ಅಯೋಡಿನ್ನಿಗೆ ಜಗ್ಗುವುದಿಲ್ಲ. ಅದಕ್ಕೆ ಬೇರೆ ಖಾನೆ.

ಡಯಾಟಮ್

ಡಯಾಟಮ್ ಎಂದರೆ ಸಿಲಿಕಾ ಚಿಪ್ಪಿನ ಒಂಟಿಕೋಶ ಪಾಚಿ. ಹೆಚ್ಚು ಹೊತ್ತು ಹಿಡಿದದ್ದು ಅದರ ಚಿಪ್ಪನ್ನು ಶುಚಿ ಮಾಡುವುದೇ. ಕೆರೆ ದಂಡೆಯ ಕಲ್ಲಿನ ಕಂದು ಲೋಳೆಯನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಮೊದಲು ಸ್ವಲ್ಪ ವಿನೆಗರ್ ಹಾಕಿ ಸುಣ್ಣದಂಶ ಕರಗಿಸಿ, ನೀರಿನಲ್ಲಿ ಚೆನ್ನಾಗಿ ತೊಳೆದ ಮೇಲೆಯೇ ಔಷಧಿ ಅಂಗಡಿಯ 6% ಹೈಡ್ರೋಜನ್ ಪೆರಾಕ್ಸೈಡ್. ವಿನೆಗರ್ ಉಳಿದಿದ್ದರೆ ಎರಡೂ ಸೇರಿ ಚರ್ಮ ಸುಡುವ ಪೆರಾಸಿಟಿಕ್ ಆಮ್ಲವಾಗುತ್ತದೆ. ಬಿಸಿನೀರಿನ ಪಾತ್ರೆಯೊಳಗಿಟ್ಟು, ಕಿಟಕಿ ತೆರೆದು, ಲೋಳೆ ಬೆಳ್ಳಗಾಗುವ ತನಕ ಬಿಡಬೇಕು. ಮುಚ್ಚಳ ಹಾಕಲೇಬಾರದು, ಆಮ್ಲಜನಕದ ಒತ್ತಡಕ್ಕೆ ಬಾಟಲಿ ಸಿಡಿಯಬಹುದು.

ತೊಳೆಯುವಾಗ ಅವಸರ ಮಾಡಿದರೆ ಸಣ್ಣ ಚಿಪ್ಪುಗಳೆಲ್ಲ ನೀರಿನ ಜೊತೆ ಹೋಗುತ್ತವೆ. ಪ್ರತಿ ಸಲ ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ನೀರನ್ನು ಸಿರಿಂಜಿನಿಂದ ತೆಗೆಯಿರಿ. ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ನೀರು. ಬೋರ್‌ವೆಲ್ ನೀರಾದರೆ ಒಣಗಿದಾಗ ಲವಣದ ಹರಳುಗಳು ನಕ್ಷತ್ರದ ಹಾಗೆ ಕೂತು ಹೊಸ ಪ್ರಭೇದ ಸಿಕ್ಕಿತೆಂಬ ಭ್ರಮೆ ಹುಟ್ಟಿಸುತ್ತವೆ. ಹನಿಯನ್ನು ಕವರ್‌ಸ್ಲಿಪ್ಪಿನ ಮೇಲೆ ಒಣಗಿಸಿ, ಬೋರಲಾಗಿ ಸ್ಲೈಡಿಗಿಟ್ಟು ಸುತ್ತ ನೇಲ್ ಪಾಲಿಶ್ ಬಳಿಯುತ್ತೇವೆ. ನೀರಿನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಅಳತೆ) 1.33, ಸಿಲಿಕಾ ಚಿಪ್ಪಿನದ್ದು ಸುಮಾರು 1.44, ಹತ್ತಿರ ಹತ್ತಿರ ಇರುವುದರಿಂದ ನೀರಿನಲ್ಲಿ ಗೆರೆಗಳು ಮಸುಕು. ಗಾಳಿಯಲ್ಲಿ ಎದ್ದು ಕಾಣುತ್ತವೆ. ಇಂಥ ಚಿಪ್ಪುಗಳೇ ಕೋಟಿಗಟ್ಟಲೆ ಶೇಖರವಾದ ಡಯಾಟಮ್ ಮಣ್ಣನ್ನು ಶೋಧಕವಾಗಿ, ಕೀಟನಾಶಕ ಪುಡಿಯಾಗಿ ಮಾರುತ್ತಾರೆ.

ಅಂಗಡಿಯಿಂದ ಬಂದವು

ಸಮುದ್ರ ಪಾಚಿಗೆ ಇಲ್ಲಿ ಅಂಗಡಿಯೇ ಗತಿ. ಚೈನಾ ಗ್ರಾಸ್ ಕೆಂಪು ಪಾಚಿಯ ಅಗರ್: ಸುಮಾರು 85 ಡಿಗ್ರಿಗೆ ಕರಗಿ, 40ರ ಕೆಳಗೆ ಹೆಪ್ಪುಗಟ್ಟುತ್ತದೆ. ನೋರಿ ಹಾಳೆಯೂ ಕೆಂಪು ಗುಂಪಿನದು. ಹುರಿದಾಗ ಫೈಕೊಎರಿತ್ರಿನ್ ಎಂಬ ಕೆಂಪು ವರ್ಣಕ ಕೆಟ್ಟು ಹಸಿರಾಗುತ್ತದೆ.

ಕಂದು ಪಾಚಿಯ ಸೋಡಿಯಂ ಆಲ್ಜಿನೇಟಿನಲ್ಲಿ ಕ್ಲೋರೆಲ್ಲಾ ಎಂಬ ಒಂಟಿಕೋಶ ಹಸಿರು ಪಾಚಿಯನ್ನು ಹುದುಗಿಸಿ ಗುಂಡು ಮಾಡುವ ಕೆಲಸ ನಡೆದಿದೆ. 100 ಮಿ.ಲೀ. ಆರ್‌ಒ ನೀರಿಗೆ 2 ಗ್ರಾಂ ಪುಡಿ ಉದುರಿಸುತ್ತಾ ಕಲಕಿ, ಗುಳ್ಳೆ ಇಳಿಯಲು ರಾತ್ರಿ ಬಿಡಬೇಕು. ಗಡಸು ನೀರಿನ ಕ್ಯಾಲ್ಸಿಯಂ ತಾಗಿದರೆ ಕರಗುವ ಮೊದಲೇ ಗಂಟು ಕಟ್ಟುತ್ತದೆ. ಅಷ್ಟೇ ಪ್ರಮಾಣದ ಗಟ್ಟಿ ಕ್ಲೋರೆಲ್ಲಾ ನೀರು ಬೆರೆಸಿ, ಸಿರಿಂಜಿನಿಂದ 2% ಕ್ಯಾಲ್ಸಿಯಂ ಕ್ಲೋರೈಡಿಗೆ ಹನಿ ಹನಿಯಾಗಿ ಬಿಟ್ಟು 20 ನಿಮಿಷ ಬಿಡುತ್ತೇವೆ. 19:19:19 (ಸಾರಜನಕ, ರಂಜಕ, ಪೊಟ್ಯಾಶ್) ಗೊಬ್ಬರದ ನೀರಿನಲ್ಲಿಟ್ಟ ಗುಂಡುಗಳು ಮೆತ್ತಗಾಗಿ ಕರಗಿದವು, ಏಕೆಂದರೆ ಫಾಸ್ಫೇಟ್ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಈಗ ಲೀಟರಿಗೆ ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟಿಗೆ ಬದಲಿಸಿದ್ದೇವೆ, ರಂಜಕ ಚಿಟಿಕೆಯಷ್ಟೇ.

ಕೊಳಚೆ ಸೇರುವ ಕೆರೆಯ ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ ಕೆನೆ ಇನ್ನೂ ಪೆಟ್ಟಿಗೆ ಸೇರಿಲ್ಲ. ಅದರ ವಿಷ ಕುದಿಸಿದರೂ ಹೋಗುವುದಿಲ್ಲ. ಕೈಗವಸಿಲ್ಲದೆ ಮುಟ್ಟುವುದಿಲ್ಲ, ಸ್ಥಳದಲ್ಲೇ ಅಯೋಡಿನ್ ಹಾಕಿ ಕೊಂದು ತರುವುದೆಂದು ತೀರ್ಮಾನ.