ಜಪಾನಿ ಭಾಷೆ ನನಗೆ ಬರುತ್ತದೆಯೇ?

ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ದುಭಾಷಿಯಾಗಿ ಸೇರಿದ ದಿನ, ಅರ್ಜಿಯಲ್ಲಿ ‘ಬಲ್ಲ ಭಾಷೆಗಳು’ ಎಂಬ ಸಾಲಿನ ಮುಂದೆ ಕನ್ನಡ, ತೆಲುಗು, ಇಂಗ್ಲಿಷ್, ಜಪಾನಿ ಎಂದು ತಡವರಿಸದೆ ಬರೆದಿದ್ದೆ. ಜಪಾನಿಗೆ ನನ್ನ ಬಳಿ ಪ್ರಮಾಣಪತ್ರವಿತ್ತು. ತೆಲುಗಿಗೆ ಯಾವ ಪತ್ರವೂ ಇರಲಿಲ್ಲ. ಕೋಲಾರದ ಕಡೆ ಹುಟ್ಟಿದ ನಮಗೆ ಅದು ಯಾವಾಗ ಬಂತೆಂದು ಕೇಳಿದರೆ ಹೇಳಲಾಗದು.

ಆ ಪ್ರಮಾಣಪತ್ರ ಜಪಾನಿ ಭಾಷೆಯ ಸಾಮರ್ಥ್ಯವನ್ನು ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯದು. 1984ರಲ್ಲಿ ಆರಂಭವಾದ ಈ ಪರೀಕ್ಷೆಗೆ 2010ರಿಂದ ಐದು ಹಂತಗಳಿವೆ. ಎನ್5 ಮೊದಲ ಮೆಟ್ಟಿಲು, ಎನ್1 ಕೊನೆಯದು. ನಾನು ಮುಗಿಸಿದ್ದು ಎನ್2. ಅದರಲ್ಲಿ 180ಕ್ಕೆ 90 ಅಂಕ ಬರಬೇಕು, ಮೂರು ವಿಭಾಗಗಳಲ್ಲಿಯೂ ತಲಾ 19ಕ್ಕೆ ಕಡಿಮೆಯಾಗಬಾರದು. ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಿದರಾಯಿತು. ಒಂದು ವಾಕ್ಯವನ್ನೂ ಬಾಯಿಬಿಟ್ಟು ಆಡಬೇಕಿಲ್ಲ. ಪರೀಕ್ಷೆಯನ್ನು ಹಳಿಯುವ ಇಚ್ಛೆ ನನಗಿಲ್ಲ, ಏಕೆಂದರೆ ಓದುವ ಮತ್ತು ಕೇಳುವ ಶಿಸ್ತನ್ನು ನನಗೆ ಕಲಿಸಿದ್ದೇ ಅದು.

ಕನ್ನಡಿಗರಿಗೆ ಜಪಾನಿಯ ವಾಕ್ಯರಚನೆ ಬೇಗ ಒಗ್ಗುತ್ತದೆ. ಕ್ರಿಯಾಪದ ಅಲ್ಲಿಯೂ ವಾಕ್ಯದ ಕೊನೆಗೇ ಬರುತ್ತದೆ. ‘ತಬೆತೆ ಮಿರು’ ಎಂದರೆ ಅಕ್ಷರಶಃ ‘ತಿಂದು ನೋಡು’. ‘ಕೈತೆ ಒಕು’ ಎಂದರೆ ‘ಬರೆದಿಡು’, ಅಲ್ಲಿನ ‘ಒಕು’ ನಮ್ಮ ‘ಇಡು’ವೇ. ‘ಮರೆತುಬಿಟ್ಟೆ’ ಎನ್ನುವಾಗ ನಾವು ‘ಬಿಡು’ ಸೇರಿಸುವಂತೆ ಅವರು ‘ಶಿಮೌ’ ಸೇರಿಸುತ್ತಾರೆ. ಇದನ್ನು ಮೊದಲ ಸಲ ಗಮನಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಈ ಸಲೀಸೇ ಭಾಷೆ ಬಂದುಬಿಟ್ಟಿದೆ ಎಂಬ ನಂಬಿಕೆಯನ್ನೂ ಹುಟ್ಟಿಸಿತು.

ಒಮ್ಮೆ ಬಿಡಿಭಾಗವೊಂದರ ಅಳತೆಯನ್ನು ಬದಲಿಸಿಕೊಡಲಾದೀತೇ ಎಂದು ನಮ್ಮವರು ಕೇಳಿದಾಗ, ಜಪಾನಿನ ಎಂಜಿನಿಯರ್ ತುಸು ಹೊತ್ತು ಸುಮ್ಮನಿದ್ದು, ‘ಚೊತ್ತೊ ಮುಝುಕಶೀ ದೆಸು ನೆ’ ಎಂದರು. ‘ಸ್ವಲ್ಪ ಕಷ್ಟವಂತೆ, ಸರ್’ ಎಂದು ನಾನು ಹೇಳಿದೆ. ಕಷ್ಟಪಟ್ಟರೆ ಆಗುತ್ತದೆ ಎಂದುಕೊಂಡು ನಮ್ಮವರು ಎರಡು ವಾರ ಕಾದರು. ಆದರೆ ಆ ಎಂಜಿನಿಯರ್ ಆ ಮಾತಿನಲ್ಲಿ ಅಂದೇ ಆಗುವುದಿಲ್ಲ ಎಂದಿದ್ದರು. ನಾನು ತಪ್ಪು ಪದವನ್ನೇನೂ ಬಳಸಿರಲಿಲ್ಲ. ನನ್ನನ್ನು ಇಂದಿಗೂ ಕಾಡುವುದೆಂದರೆ, ಸಾಲ ಕೇಳಲು ಹೋದ ಮನೆಯಲ್ಲಿ ಬಂಧುಗಳೊಬ್ಬರು ಇದೇ ‘ಸ್ವಲ್ಪ ಕಷ್ಟ ಕಣಪ್ಪ’ ಎಂಬ ಮಾತನ್ನಾಡಿದ್ದರೆ ಕಾಫಿ ಮುಗಿಸಿ ಎದ್ದು ಬರುತ್ತಿದ್ದೆ. ಕನ್ನಡದಲ್ಲಿ ತಾನಾಗಿ ಕೇಳಿಸುವ ನಿರಾಕರಣೆ ಜಪಾನಿಯಲ್ಲಿ ನನಗೆ ಕೇಳಿಸಿರಲಿಲ್ಲ, ಏಕೆಂದರೆ ಪದಗಳನ್ನು ಒಂದು ದಡದಿಂದ ಇನ್ನೊಂದಕ್ಕೆ ದಾಟಿಸುವುದರಲ್ಲೇ ನನ್ನ ಗಮನವೆಲ್ಲ ತೊಡಗಿತ್ತು.

ಆಗ ನೆನಪಾದದ್ದು ಅಜ್ಜಿ. ಅಕ್ಷರ ಕಲಿಯದ ಅವರು ಕೋಲಾರದ ಎಪಿಎಂಸಿ ಮಂಡಿಗೆ 15 ಕೆ.ಜಿ. ಬಾಕ್ಸುಗಳಲ್ಲಿ ಟೊಮೆಟೊ ತರುತ್ತಿದ್ದರು. ಬಾಕಿ ಹಣ ಈ ವಾರ ಸಿಕ್ಕೀತೇ ಎಂದು ಕೇಳಿದ್ದಕ್ಕೆ ತೆಲುಗಿನ ವ್ಯಾಪಾರಿ ‘ಚೂದ್ದಾಂ ಅಮ್ಮಾ’ (ನೋಡೋಣ ಅಮ್ಮ) ಎಂದರೆ, ಸಿಗುವುದಿಲ್ಲವೆಂದು ಅವರಿಗೆ ತಕ್ಷಣ ತಿಳಿಯುತ್ತಿತ್ತು. ಜಗಳವಾಡದೆ, ಆತನ ಮರ್ಯಾದೆ ಉಳಿಯುವಂತೆ, ಹೋಗಲಿ ಎಷ್ಟಾದರೆ ಆದೀತು ಎಂದು ತೆಲುಗಿನಲ್ಲೇ ಕೇಳಿ, ಅರ್ಧವನ್ನಾದರೂ ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದರು. ಭಾಷೆ ಬರುತ್ತದೆ ಎನ್ನುವುದಕ್ಕೆ ಈಗ ನನ್ನ ಅಳತೆ ಇದೇ: ಆಡದೆ ಉಳಿಸಿದ ‘ಇಲ್ಲ’ ಕೇಳಿಸಬೇಕು, ಕೇಳಿಸಿದ ಮೇಲೆ ಆ ಭಾಷೆಯಲ್ಲೇ ಮಾತನ್ನು ಮುಂದುವರಿಸಲು ಬರಬೇಕು.

ಹುಟ್ಟಿನಿಂದ ಆಡಿದವರಂತೆ ಆಡಬೇಕೆಂಬ ಹಟ ನನಗಿಲ್ಲ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಆರು ಹಂತಗಳ ಭಾಷಾ ಚೌಕಟ್ಟು ಕೂಡ ತನ್ನ ಅತ್ಯುನ್ನತ ಹಂತವಾದ ಸಿ2ವನ್ನು ಮಾತೃಭಾಷಿಕರ ಮಟ್ಟವೆಂದು ಹೇಳುವುದಿಲ್ಲ.

ಈಗ ‘ಚೊತ್ತೊ’ (ಸ್ವಲ್ಪ) ಎಂದು ಜಪಾನಿನವರು ಮಾತು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತೇನೆ. ಬೇರೆ ದಾರಿ ಏನಿದೆಯೆಂದು ಅವರನ್ನೇ ಕೇಳಿ, ಆಮೇಲೆ ನಮ್ಮವರಿಗೆ ‘ಇದು ಆಗುವುದಿಲ್ಲ, ಸರ್’ ಎನ್ನುತ್ತೇನೆ. ಅಂಕಿಗಳ ವಿಷಯದಲ್ಲಿ ಮಾತ್ರ ಇನ್ನೂ ಹಿಂದಿದ್ದೇನೆ. ಜಪಾನಿಯರು ಹತ್ತು ಸಾವಿರವನ್ನು ‘ಮನ್’ ಎಂದು ಒಂದು ಗುಂಪಾಗಿ ಎಣಿಸುವುದರಿಂದ, ಮೂರೂವರೆ ಲಕ್ಷವೆಂದರೆ ಅವರಿಗೆ 35 ಮನ್. ಸಭೆಯಲ್ಲಿ ಯಾರಾದರೂ ‘ಸಂಜೂಗೊ ಮನ್’ ಎಂದರೆ, ನಾನು ಈಗಲೂ ಒಳಗೊಳಗೆ ಕನ್ನಡದಲ್ಲೇ ಲೆಕ್ಕ ಹಾಕುತ್ತೇನೆ.