ಉಡುಪಿಯಿಂದ ದ್ರಾಸ್‌ಗೆ: ನಲವತ್ತೈದು ನಿಮಿಷ ಸಾಲದು

ಏಜೆಂಟ್ ಕೊಟ್ಟ ಪ್ರವಾಸದ ಪಟ್ಟಿಯಲ್ಲಿ, ಕಾರ್ಗಿಲ್ ಯುದ್ಧ ಸ್ಮಾರಕ ಇರುವ ಲಡಾಖ್‌ನ ದ್ರಾಸ್‌ಗೆ ಇದ್ದದ್ದು ನಲವತ್ತೈದು ನಿಮಿಷ. ಕಾರ್ಗಿಲ್‌ಗೆ ಹೋಗುವ ದಾರಿಯಲ್ಲಿ ಇಳಿದು, ಫೋಟೊ ತೆಗೆದು, ಚಹಾ ಕುಡಿದು ಮತ್ತೆ ಗಾಡಿ ಹತ್ತಬೇಕು. ಹವಾಲ್ದಾರರಾಗಿ ನಿವೃತ್ತರಾದ ನಮ್ಮ ಸೋದರಮಾವ ಅದನ್ನು ಎರಡು ಸಲ ಓದಿ, “ಇಷ್ಟು ದೂರ ಹೋಗುವುದು ಚಹಾ ಕುಡಿಯುವುದಕ್ಕಾ ಮಾರಾಯ?” ಎಂದರು. ಏಜೆಂಟನನ್ನು ಬಿಟ್ಟು ನಾವೇ ಹೊರಟೆವು.

ಉಡುಪಿಯಿಂದ ದೆಹಲಿಯ ನಿಜಾಮುದ್ದೀನ್‌ವರೆಗೆ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಹೋದೆವು. ಮಂಗಳೂರಿನವರು ಇದನ್ನು ಜಂಕ್ಷನ್‌ನಲ್ಲಿ ಹತ್ತಬೇಕು, ಸೆಂಟ್ರಲ್‌ಗೆ ಹೋಗಿ ಕಾಯಬೇಡಿ. ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲಿಗೆ ಮಳೆಗಾಲದ ವೇಳಾಪಟ್ಟಿ ಇರುತ್ತದೆ. ಹಳೆಯ ಸಮಯ ನಂಬಿ ನಿಲ್ದಾಣಕ್ಕೆ ಹೋದರೆ ರೈಲು ತಪ್ಪೀತು. ದೆಹಲಿಯಿಂದ ಶ್ರೀನಗರಕ್ಕೆ ವಿಮಾನ. ಇನ್ನೊಂದು ಮುಖ್ಯ ಸಂಗತಿ: ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಾಗಲಿ ಲಡಾಖ್‌ನಲ್ಲಾಗಲಿ ಕೆಲಸ ಮಾಡುವುದಿಲ್ಲ. ಗುಂಪಿನಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಸಮುದ್ರದ ದಂಡೆಯಲ್ಲಿ ಬೆಳೆದ ಮೈ ನಮ್ಮದು. ದ್ರಾಸ್ ಇರುವುದು ಸುಮಾರು 3,300 ಮೀಟರ್ ಎತ್ತರದಲ್ಲಿ, ದಾರಿಯ ಜೊಜಿಲಾ ಕಣಿವೆಮಾರ್ಗ ಅದಕ್ಕಿಂತಲೂ ಮೇಲೆ. ಆದ್ದರಿಂದ ಶ್ರೀನಗರದಲ್ಲಿ ಎರಡು ರಾತ್ರಿ, ಸೋನಮಾರ್ಗದಲ್ಲಿ ಒಂದು ರಾತ್ರಿ ಕಳೆದೆವು. ರಕ್ತದೊತ್ತಡ ಇರುವವರು ಹೊರಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಜೊಜಿಲಾದಲ್ಲಿ ರಸ್ತೆ ಕಿರಿದು, ಒಂದು ಬದಿಗೆ ಪ್ರಪಾತ. ಬೆಳಿಗ್ಗೆ ಬೇಗ ಹೊರಡಿ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಆದರೆ ಜುಲೈ 26ರ ಕಾರ್ಗಿಲ್ ವಿಜಯ ದಿವಸದ ಆಸುಪಾಸಿನಲ್ಲಿ ಜನಸಂದಣಿ, ಬಂದೋಬಸ್ತು ಎರಡೂ ಜೋರು. ನಾವು ಸೆಪ್ಟೆಂಬರ್‌ನಲ್ಲಿ ಹೋಗಿದ್ದೆವು.

ಯುದ್ಧ ಸ್ಮಾರಕ ಇರುವುದು ಹೆದ್ದಾರಿಯ ಪಕ್ಕದಲ್ಲೇ, ತೋಲೋಲಿಂಗ್ ಬೆಟ್ಟದ ಬುಡದಲ್ಲಿ. ಆಧಾರ್ ಕಾರ್ಡ್ ಕೈಯಲ್ಲಿರಲಿ. ಎಲ್ಲರೂ ನೇರವಾಗಿ ವಿಜಯಪಥದಲ್ಲಿ ಮಡಿದವರ ಹೆಸರುಗಳ ಗೋಡೆಯ ಕಡೆಗೆ ನಡೆಯುತ್ತಾರೆ. ಮಾವ ನನ್ನನ್ನು ಬಾಗಿಲಲ್ಲೇ ತಡೆದು, ಮೊದಲು ಬೆಟ್ಟ ನೋಡು, ಆಮೇಲೆ ತಿರುಗಿ ರಸ್ತೆ ನೋಡು ಎಂದರು. ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಮೇಲೆ ಕುಳಿತವನಿಗೆ ಪ್ರತಿಯೊಂದು ಲಾರಿಯೂ ಕಾಣುತ್ತದೆ. 1999ರ ಯುದ್ಧದಲ್ಲಿ ಮೇಲೆ ಕುಳಿತಿದ್ದವರು ಪಾಕಿಸ್ತಾನದವರು. ಲೇಹ್‌ಗೆ ಸಾಮಾನು ಸಾಗುವ ಈ ರಸ್ತೆಗೆ ಶೆಲ್ ಬೀಳುತ್ತಿದ್ದದ್ದು ಹಾಗೆ ನೋಡಿಕೊಂಡೇ. ಆಗುಂಬೆ ಘಾಟಿಯಲ್ಲಾದರೆ ಹತ್ತು ಹೆಜ್ಜೆಗೆ ಹತ್ತು ಮರ ಇದೆ. ಇಲ್ಲಿ ಬೋಳು ಜಲ್ಲಿಯ ಇಳಿಜಾರು, ಒಂದು ಪೊದೆಯೂ ಇಲ್ಲ.

ಈ ಬೆಟ್ಟ ಹತ್ತಲು ಮೊದಲು ಹೋದವರು ನಮ್ಮ ಸೇನೆಯ 18 ಗ್ರೆನೇಡಿಯರ್ಸ್ ಬೆಟಾಲಿಯನ್ನಿನವರು. ಮೇಜರ್ ರಾಜೇಶ್ ಅಧಿಕಾರಿ ಮೇ 30ರಂದು ಇಲ್ಲೇ ಮಡಿದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ. ಕೊನೆಗೆ ಜೂನ್ 13ರಂದು ತೋಲೋಲಿಂಗ್ ಅನ್ನು ಗೆದ್ದದ್ದು 2 ರಾಜಪುತಾನಾ ರೈಫಲ್ಸ್. ಮೇಜರ್ ವಿವೇಕ್ ಗುಪ್ತಾ ಆ ದಾಳಿಯಲ್ಲಿ ಮಡಿದರು. ಆ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ನಮ್ಮ ಕನ್ನಡಿಗ, ವೀರಚಕ್ರ ಪಡೆದ ಎಂ.ಬಿ. ರವೀಂದ್ರನಾಥ್. ಊರಲ್ಲಿ ಈ ಹೆಸರು ಎಷ್ಟು ಮಂದಿಗೆ ಗೊತ್ತಿದೆಯೋ ಕಾಣೆ. ನನಗೆ ಗೊತ್ತಿರಲಿಲ್ಲ.

ವಿಕ್ರಮ್ ಬಾತ್ರಾ ಅವರ ಕಥೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ, ನಿಮಗೂ ಗೊತ್ತಿರುತ್ತದೆ. ಮನೋಜ್ ಪಾಂಡೆ ಅವರ ಹೆಸರಿನ ಗ್ಯಾಲರಿಗೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಕಾರ್ಗಿಲ್‌ನ ನಾಲ್ಕು ಪರಮವೀರ ಚಕ್ರಗಳಲ್ಲಿ ಇವರಿಬ್ಬರದ್ದೂ ಮರಣೋತ್ತರ. ಬದುಕಿ ಬಂದವರು ರೈಫಲ್‌ಮನ್ ಸಂಜಯ್ ಕುಮಾರ್ ಮತ್ತು ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್. ಟೈಗರ್ ಹಿಲ್‌ನ ಕಡಿದಾದ ಬಂಡೆಗೆ ಹಗ್ಗ ಕಟ್ಟುತ್ತ ಹತ್ತಿದಾಗ ಯಾದವ್‌ಗೆ 19 ವರ್ಷ. ಮೈಗೆ ಹಲವು ಗುಂಡು ಹೊಕ್ಕರೂ ಮುಂದೆ ಹೋದರು. ಪದಕ ಘೋಷಿಸುವಾಗ ಅವರು ಸತ್ತಿದ್ದಾರೆಂದೇ ಮೊದಲು ಹೇಳಿದ್ದರು, ಅವರಾದರೋ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಇದನ್ನು ನೆನೆದು ಮಾವ ಜೋರಾಗಿ ನಕ್ಕುಬಿಟ್ಟರು. ಸುತ್ತಲಿನ ನಾಲ್ಕಾರು ಮಂದಿ ತಿರುಗಿ ನೋಡಿದರು.

ಆ ನಗು ಹೆಸರುಗಳ ಗೋಡೆಯ ಮುಂದೆ ಇರಲಿಲ್ಲ. 1999ರಲ್ಲಿ ಮಾವ ಈಶಾನ್ಯದಲ್ಲಿ ಡ್ಯೂಟಿಯಲ್ಲಿದ್ದರು. ಈ ಕಡೆಗೆ ಬರಲೇ ಇಲ್ಲ. ಆ ಯುದ್ಧದಲ್ಲಿ ಮಡಿದ ನಮ್ಮ ಸೈನಿಕರು 527 ಮಂದಿ. ಚಕ್ರ ಸಿಕ್ಕಿದವರು ಅದರಲ್ಲಿ ಎಷ್ಟು ಕಡಿಮೆ ಎಂಬುದು ಆ ಗೋಡೆಯ ಮುಂದೆ ನಿಂತಾಗ ಗೊತ್ತಾಗುತ್ತದೆ. ಮಾವ ಒಂದೊಂದು ಸಾಲಿನ ಕೆಳಗೂ ಬೆರಳು ಓಡಿಸುತ್ತ ಓದಿದರು. ಮಧ್ಯೆ ಎರಡು ಸಲ ಉಸಿರಿಗಾಗಿ ಕುಳಿತರು.

ರಾತ್ರಿ ದ್ರಾಸ್‌ನಲ್ಲೇ ಉಳಿದೆವು. ದೊಡ್ಡ ಹೋಟೆಲ್ ನಿರೀಕ್ಷಿಸಬೇಡಿ. ನಮ್ಮ ಕೋಣೆಯಲ್ಲಿ ಬಿಸಿನೀರು ಒಂದು ಬಕೆಟ್, ಊಟಕ್ಕೆ ಅನ್ನ ಮತ್ತು ಬೇಳೆ. ಜೊತೆಗಿದ್ದ ಮಿಡಿ ಉಪ್ಪಿನಕಾಯಿ ಆಪದ್ಬಾಂಧವನಾಯಿತು. ಉಣ್ಣೆಯ ಟೋಪಿ ಸೆಪ್ಟೆಂಬರ್‌ನಲ್ಲೂ ಬೇಕು. ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಮಧ್ಯಾಹ್ನ ಮೋಡದ ಹಿಂದೆ ಅಡಗಿದ್ದ ಟೈಗರ್ ಹಿಲ್ ಮರುದಿನ ಬೆಳಿಗ್ಗೆ ಆರೂವರೆಗೆ ಚೂಪಾಗಿ ಎದ್ದು ನಿಂತಿತ್ತು. ಮಾವ ಮಫ್ಲರ್ ಸುತ್ತಿಕೊಂಡು ಹೊರಗೆ ನಿಂತು, ಯಾವ ಕಡೆಯಿಂದ ಹತ್ತಿರಬಹುದು ಎಂದು ಬೈನಾಕ್ಯುಲರ್‌ನಲ್ಲಿ ಹುಡುಕುತ್ತಲೇ ಇದ್ದರು. ನಾನು ತಂದುಕೊಟ್ಟ ಚಹಾ ಕೈಯಲ್ಲೇ ತಣ್ಣಗಾಯಿತು.