ಕಂಟ್ರೋಲ್-ಎಸ್ ಒತ್ತಿದ ಆ ರಾತ್ರಿ

ಸಿಸ್ಟಂ ಅಡ್ಮಿನ್ ಆಗಿ ಸೇರಿದ ಎರಡನೇ ವರ್ಷ. ಹಳೆಯ ಮೇಲ್ ಸರ್ವರ್‌ನಿಂದ ಹೊಸದಕ್ಕೆ ಮೇಲ್‌ಬಾಕ್ಸ್‌ಗಳನ್ನು ಸಾಗಿಸುವ ರಾತ್ರಿ ಪಾಳಿ ನನ್ನ ಪಾಲಿಗೆ ಬಂದಿತ್ತು. ವೆಬ್‌ಮೇಲ್ ಅನ್ನು ನಾವೇ ನಿಲ್ಲಿಸಿದ್ದರಿಂದ ದೂರದ ಸರ್ವರ್‌ಗೆ ಸಂಪರ್ಕ ಕೊಡುವ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗಿ, ಅಲ್ಲೇ ಮಟ್ ಎಂಬ, ಟರ್ಮಿನಲ್ ಕಿಟಕಿಯಲ್ಲಿ ಬರೀ ಕೀಲಿಗಳಿಂದ ನಡೆಸುವ ಮೇಲ್ ಪ್ರೋಗ್ರಾಂ ತೆರೆದು ಬೆಳಗಿನ ತಂಡಕ್ಕೆ ಮೇಲ್ ಬರೆಯುತ್ತಾ ಕೂತಿದ್ದೆ. ಯಾವ ಮೇಲ್‌ಬಾಕ್ಸ್ ಪೂರ್ತಿಯಾಗಿದೆ, ಯಾವುದು ಅರ್ಧಕ್ಕೆ ನಿಂತಿದೆ, ಯಾವುದನ್ನು ಮುಟ್ಟಲೇಬಾರದು ಎಂದೆಲ್ಲ ವಿವರವಾಗಿ ಬರೆದಿದ್ದೆ. ಮುಕ್ಕಾಲು ಗಂಟೆ ಹಿಡಿದಿತ್ತು.

ಮಟ್‌ನಲ್ಲಿ ಬರೆಯೋದಕ್ಕೆ ಪ್ರತ್ಯೇಕ ಎಡಿಟರ್ ತೆರೆದುಕೊಳ್ಳುತ್ತದೆ, ನನ್ನದು ವಿಮ್. ಹಗಲೆಲ್ಲ ಬೇರೆ ಪ್ರೋಗ್ರಾಂಗಳಲ್ಲಿ ಕೆಲಸ ಮಾಡುವ ಕೈ ಅಭ್ಯಾಸಬಲದಿಂದ ಸೇವ್ ಮಾಡಲು ಕಂಟ್ರೋಲ್-ಎಸ್ ಒತ್ತಿತು. ಪರದೆ ಇದ್ದಲ್ಲೇ ನಿಂತಿತು. ಎಂಟರ್ ಒತ್ತಿದೆ, ಎಸ್ಕೇಪ್ ಒತ್ತಿದೆ, ಏನೂ ಅಲುಗಾಡಲಿಲ್ಲ. ನೆಟ್‌ವರ್ಕ್ ಹೋಯಿತು ಎಂದುಕೊಂಡು ಟರ್ಮಿನಲ್ ಕಿಟಕಿಯನ್ನೇ ಮುಚ್ಚಿಬಿಟ್ಟೆ. ಮತ್ತೆ ಲಾಗಿನ್ ಆದರೆ ತಕ್ಷಣ ಒಳಗೆ ಬಿಟ್ಟಿತು. ನೆಟ್‌ವರ್ಕ್ ಸರಿಯಾಗಿಯೇ ಇತ್ತು, ಬರೆದ ಮೇಲ್ ಮಾತ್ರ ಇರಲಿಲ್ಲ.

ಅವಸರದಲ್ಲಿ ನಾಲ್ಕು ಸಾಲು ಬರೆದು ಕಳಿಸಿ ಪಾಳಿ ಮುಗಿಸಿದೆ. ಆ ನಾಲ್ಕು ಸಾಲಿನಲ್ಲಿ ಮುಟ್ಟಬಾರದ ಮೇಲ್‌ಬಾಕ್ಸ್‌ಗಳ ವಿಷಯ ಬಿಟ್ಟುಹೋಗಿತ್ತು. ಬೆಳಿಗ್ಗೆ ಬಂದವರು ಅವುಗಳ ಮೇಲೂ ಸ್ಕ್ರಿಪ್ಟ್ ಓಡಿಸಿದರು. ಎರಡೆರಡು ಪ್ರತಿಯಾದ ಮೇಲ್‌ಗಳನ್ನು ಹುಡುಕಿ ತೆಗೆಯುವುದರಲ್ಲೇ ನನ್ನ ಸಹೋದ್ಯೋಗಿಯ ಇಡೀ ದಿನ ಹೋಯಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಸಂಜೆ ನಮ್ಮ ಹಿರಿಯ ಅಡ್ಮಿನ್ ಪಕ್ಕದಲ್ಲಿ ಬಂದು ಕೂತು ಕೇಳಿದರು.

"ಪರದೆ ನಿಲ್ಲೋದಕ್ಕೆ ಮುಂಚೆ ಏನು ಒತ್ತಿದ್ರಿ?"

"ಸೇವ್ ಮಾಡೋಕೆ ಕಂಟ್ರೋಲ್-ಎಸ್ ಒತ್ತಿದೆ, ಮೇಡಂ."

"ಕಂಟ್ರೋಲ್-ಕ್ಯೂ ಒತ್ತಿದ್ರೆ ಮತ್ತೆ ಓಡ್ತಿತ್ತು."

ಕಾಗದದ ಮೇಲೆ ಅಚ್ಚು ಹೊಡೆಯುತ್ತಿದ್ದ ಟೆಲಿಟೈಪ್ ಕಾಲದಿಂದ ಬಂದ ಏರ್ಪಾಡು ಅದು. ಕಂಟ್ರೋಲ್-ಎಸ್ ಅಂದರೆ 'ಕಳಿಸೋದು ನಿಲ್ಲಿಸು', ಕಂಟ್ರೋಲ್-ಕ್ಯೂ ಅಂದರೆ 'ಮುಂದುವರಿಸು'. ಇವತ್ತಿನ ಟರ್ಮಿನಲ್‌ಗಳಲ್ಲೂ ಸಾಮಾನ್ಯವಾಗಿ ಅದು ಚಾಲೂ ಇರುತ್ತದೆ. ನಿಂತ ಪರದೆಯ ಹಿಂದೆ ಒತ್ತಿದ ಕೀಗಳು ಎಲ್ಲಿಗೂ ಹೋಗುವುದಿಲ್ಲ, ಸಾಲಾಗಿ ಕಾಯುತ್ತವೆ. ಹಾಗಾಗಿ ಗಾಬರಿಯಲ್ಲಿ ಸಿಕ್ಕಿದ್ದೆಲ್ಲ ಒತ್ತುವುದು ಇನ್ನೂ ಅಪಾಯ. ಮೇಲ್‌ಗಳ ಪಟ್ಟಿಯ ಮುಂದೆ ಕೂತಿದ್ದರೆ ಅಲ್ಲಿ 'ಡಿ' ಅಕ್ಷರವೊಂದೇ ಅಳಿಸುವ ಆಜ್ಞೆ.

ಕಿಟಕಿ ಮುಚ್ಚಿದ್ದು ನಿಜವಾದ ತಪ್ಪು. ಮುಚ್ಚಿದ ಕೂಡಲೇ ಸರ್ವರ್ ಆ ಸೆಷನ್‌ನಲ್ಲಿದ್ದ ಪ್ರೋಗ್ರಾಂಗಳಿಗೆ, ಸಂಪರ್ಕ ಕಡಿಯಿತು ಎಂದು ತಿಳಿಸುವ ಹ್ಯಾಂಗಪ್ ಸಿಗ್ನಲ್ ಕಳಿಸಿತು. ಮಟ್ ಮತ್ತು ವಿಮ್ ಎರಡೂ ನಿಂತುಹೋದವು. ಆದರೆ ವಿಮ್ ಹೋಗುವ ಮುಂಚೆ ಬರೆದದ್ದನ್ನು ಸ್ವಾಪ್ ಫೈಲ್ ಎಂಬ ತಾತ್ಕಾಲಿಕ ಫೈಲಿನಲ್ಲಿ ಉಳಿಸುತ್ತದೆ. ಅದಕ್ಕೂ ಮೊದಲೇ, ಪ್ರತಿ 200 ಅಕ್ಷರ ಬರೆದಾಗ, ಇಲ್ಲವೇ 4 ಸೆಕೆಂಡು ಕೈ ಬಿಟ್ಟಾಗ, ತಾನಾಗಿಯೇ ಅದಕ್ಕೆ ಬರೆದುಕೊಳ್ಳುತ್ತಿರುತ್ತದೆ. ಮೇಡಂ ನನ್ನಿಂದಲೇ ಲಾಗಿನ್ ಮಾಡಿಸಿದರು. ತಾತ್ಕಾಲಿಕ ಫೈಲುಗಳಿರುವ ಟೆಂಪ್ ಡೈರೆಕ್ಟರಿಯಲ್ಲಿ ಬಚ್ಚಿಟ್ಟ ಫೈಲುಗಳನ್ನೂ ಪಟ್ಟಿ ಮಾಡಿದಾಗ, ಚುಕ್ಕಿಯಿಂದ ಶುರುವಾಗುವ ಒಂದು ಹೆಸರು, ಅದರಲ್ಲಿ 'ಮಟ್' ಅಂತ, ಕೊನೆಗೆ ಸ್ವಾಪ್ ಫೈಲಿನ ಗುರುತು. ರಿಕವರಿ ಆಯ್ಕೆ ಕೊಟ್ಟು ವಿಮ್ ತೆರೆದರೆ ನನ್ನ ಮುಕ್ಕಾಲು ಗಂಟೆಯ ಮೇಲ್ ಪರದೆಯ ಮೇಲೆ ಹಾಗೇ ಬಂತು. ಮುಟ್ಟಬಾರದ ಮೇಲ್‌ಬಾಕ್ಸ್‌ಗಳ ಪಟ್ಟಿಯೂ ಅದರಲ್ಲಿತ್ತು. ಇಡೀ ದಿನ ಅದು ಅಲ್ಲೇ ಕೂತಿತ್ತು ಅನ್ನೋದು ನೆನೆದರೆ ಈಗಲೂ ಸಂಕಟವಾಗುತ್ತದೆ. ಸರ್ವರ್ ರೀಬೂಟ್ ಆಗಿದ್ದರೆ ಅದೂ ಸಿಗುತ್ತಿರಲಿಲ್ಲವೇನೋ, ಬಹಳ ಕಡೆ ಟೆಂಪ್ ಡೈರೆಕ್ಟರಿ ಬೂಟ್ ಆಗುವಾಗ ಖಾಲಿಯಾಗುತ್ತದೆ.

ಈ ವಿಷಯದಲ್ಲಿ ಆಲ್ಪೈನ್ ಎಂಬ ಇನ್ನೊಂದು ಟರ್ಮಿನಲ್ ಮೇಲ್ ಪ್ರೋಗ್ರಾಂ ಮಟ್‌ಗಿಂತ ದಯಾಳು. ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಅರ್ಧ ಮೇಲನ್ನು ತಾನೇ ಎತ್ತಿಟ್ಟು, ಮುಂದಿನ ಸಲ ಹೊಸ ಮೇಲ್ ಬರೆಯಲು ಹೋದಾಗ 'ನಿಂತಿದ್ದನ್ನು ಮುಂದುವರಿಸಬೇಕೆ' ಎಂದು ಕೇಳುತ್ತದೆ. ಹೊಸಬರಿಗೆ ನಾನು ಆಲ್ಪೈನ್ ಅನ್ನೇ ಬಳಸಲು ಹೇಳುತ್ತೇನೆ. ನಾನು ಮಾತ್ರ ಮಟ್ ಬಿಟ್ಟಿಲ್ಲ, ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸಗಳು ಕಳಿಸುವ ಸಾವಿರಾರು ಕ್ರಾನ್ ಮೇಲ್‌ಗಳು ತುಂಬಿದ ಪೆಟ್ಟಿಗೆಯನ್ನು ಅದು ಸೋಸುವಷ್ಟು ಚೆನ್ನಾಗಿ ಬೇರೆ ಯಾವುದೂ ನನ್ನ ಕೈಗೆ ಹತ್ತಲಿಲ್ಲ. ಒಂದು ತಿಂಗಳಿಗಿಂತ ಹಳೆಯವನ್ನು ಅಳಿಸಬೇಕಾದರೆ ಮೊದಲು 'ಎಲ್' ಒತ್ತಿ ಅದೇ ಷರತ್ತಿನಿಂದ ಪಟ್ಟಿ ಕಿರಿದು ಮಾಡಿ ಕಣ್ಣಾಡಿಸುತ್ತೇನೆ, ಆಮೇಲೆ ಕ್ಯಾಪಿಟಲ್ 'ಡಿ'. ಡಾಲರ್ ಚಿಹ್ನೆ ಒತ್ತುವವರೆಗೆ, ಇಲ್ಲವೇ 'ಕ್ಯೂ' ಒತ್ತಿ ಹೊರಬೀಳುವವರೆಗೆ, ಏನೂ ನಿಜವಾಗಿ ಅಳಿದಿರುವುದಿಲ್ಲ. ಅನುಮಾನ ಬಂದರೆ 'ಎಕ್ಸ್' ಒತ್ತಿ ಹೊರಬಂದರೆ ಪೆಟ್ಟಿಗೆ ಇದ್ದ ಹಾಗೇ ಇರುತ್ತದೆ.

ಆ ಸಂಜೆಯಿಂದ ಟೀಮಕ್ಸ್ ಇಲ್ಲದೆ ನಾನು ಮಟ್ ತೆರೆದಿಲ್ಲ. ಟೀಮಕ್ಸ್ ಸರ್ವರ್‌ನಲ್ಲೇ ಒಂದು ಸೆಷನ್ ಹಿಡಿದಿಡುತ್ತದೆ. ನನ್ನ ಕಡೆ ವೈಫೈ ಹೋಗಲಿ, ಲ್ಯಾಪ್‌ಟಾಪ್ ಆರಿಹೋಗಲಿ, ಮೇಲ್ ಅಲ್ಲಿ ಅರ್ಧ ವಾಕ್ಯದಲ್ಲಿ ಕಾಯುತ್ತಿರುತ್ತದೆ. ಮತ್ತೆ ಲಾಗಿನ್ ಆಗಿ ಅಟ್ಯಾಚ್ ಮಾಡಿದರೆ ಕರ್ಸರ್ ಅದೇ ಅಕ್ಷರದ ಮುಂದೆ ಮಿನುಗುತ್ತದೆ. ಪರದೆ ನಿಂತರೆ ಮೊದಲು ಕಂಟ್ರೋಲ್-ಕ್ಯೂ. ಆಗಲಿಲ್ಲವೆಂದರೆ ಇನ್ನೊಂದು ಕಿಟಕಿಯಿಂದ ಲಾಗಿನ್ ಆಗಿ ಸರ್ವರ್ ಉಸಿರಾಡುತ್ತಿದೆಯೇ ನೋಡುತ್ತೇನೆ. ಸಂಪರ್ಕವೇ ಸತ್ತಿದೆ ಎಂದು ಖಾತ್ರಿಯಾದ ಮೇಲೆ ಎಂಟರ್, ಟಿಲ್ಡೆ, ಚುಕ್ಕಿ, ಈ ಮೂರನ್ನು ಒಂದಾದ ಮೇಲೊಂದು ಒತ್ತಿದರೆ ಎಸ್‌ಎಸ್‌ಎಚ್ ತಾನೇ ಕಳಚಿಕೊಳ್ಳುತ್ತದೆ.

ಅಟ್ಯಾಚ್‌ಮೆಂಟ್ ವಿಷಯದಲ್ಲೂ ಹೊಸಬರು ಎಡವುತ್ತಾರೆ. ಲ್ಯಾಪ್‌ಟಾಪ್‌ನಲ್ಲಿರುವ ಫೈಲನ್ನು ಮಟ್‌ನಲ್ಲಿ ಹುಡುಕಿ ಹುಡುಕಿ ಸುಸ್ತಾಗುತ್ತಾರೆ. ಮಟ್ ಓಡುತ್ತಿರುವುದು ಸರ್ವರ್‌ನಲ್ಲಿ, ಅದಕ್ಕೆ ಕಾಣುವುದು ಅಲ್ಲಿನ ಫೈಲುಗಳು ಮಾತ್ರ. ಮೊದಲು ಎಸ್‌ಸಿಪಿ ಎಂಬ ಫೈಲ್ ನಕಲು ಮಾಡುವ ಆಜ್ಞೆಯಿಂದ ಅಲ್ಲಿಗೆ ಕಳಿಸಬೇಕು. ಕನ್ನಡದ ಮೇಲ್ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಂಡರೂ ಕಾರಣ ಬಹುಮಟ್ಟಿಗೆ ಅಲ್ಲೇ: ಸರ್ವರ್‌ನ ಲೊಕೇಲ್, ಅಂದರೆ ಭಾಷೆ-ಲಿಪಿಯ ಹೊಂದಿಕೆ, ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನಕ್ಕೆ ಇಟ್ಟಿರುವುದಿಲ್ಲ. ನಮ್ಮ ಒಂದೊಂದು ಅಕ್ಷರಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು.

ಹೋದ ವಾರ ನಮ್ಮ ತಂಡಕ್ಕೆ ಹೊಸ ಹುಡುಗಿ ಸೇರಿದಳು. ಮೊದಲ ದಿನವೇ ಖಾಲಿ ಟರ್ಮಿನಲ್ ತೆರೆಸಿ, ಕಂಟ್ರೋಲ್-ಎಸ್ ಒತ್ತಿ ತನ್ನ ಹೆಸರು ಟೈಪ್ ಮಾಡಲು ಹೇಳಿದೆ. ಮಾಡಿದಳು, ಪರದೆಯ ಮೇಲೆ ಏನೂ ಬರಲಿಲ್ಲ. "ಸರ್, ಹ್ಯಾಂಗ್ ಆಯ್ತು" ಎನ್ನುತ್ತಾ ಅವಳ ಮೌಸ್ ಕಿಟಕಿ ಮುಚ್ಚುವ ಗುಂಡಿಯ ಕಡೆಗೆ ಹೊರಟಿತು. "ತಡೀಮ್ಮ, ಕಂಟ್ರೋಲ್-ಕ್ಯೂ ಒತ್ತು" ಎಂದೆ. ಒತ್ತಿದಳು. ಅವಳ ಹೆಸರಿನ ಅಷ್ಟೂ ಅಕ್ಷರಗಳು ಒಮ್ಮೆಲೇ ಮೂಡಿದವು.